ಹೃದಯದ ಕರೆಂಟು: 270 ಕೆಜಿ ಯಂತ್ರದಿಂದ ಎರಡು ಕೈಗಳವರೆಗೆ

"ಮಾತಾಡ್ತಾ ಕೂತಿದ್ದ, ಹಾಗೇ ಕುಸಿದುಬಿದ್ದ, ಅಲ್ಲೇ ಹೋದ." ಊರ ಕಟ್ಟೆಯಲ್ಲಿ ಈ ಮಾತು ಕೇಳದವರಿಲ್ಲ. ಹೃದಯ ನಿಂತುಹೋಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಹೀಗೆ ಬಿದ್ದವರಲ್ಲಿ ಅನೇಕರ ಹೃದಯ ಆ ಗಳಿಗೆಗೆ ಪೂರ್ತಿ ನಿಂತಿರುವುದಿಲ್ಲ, ನಡುಗುತ್ತಿರುತ್ತದೆ.

ಹೃದಯ ಬಡಿಯುವುದು ತನ್ನೊಳಗೇ ಹುಟ್ಟುವ ಸಣ್ಣ ಕರೆಂಟಿನಿಂದ. ಅದು ಸರಿಯಾಗಿ ಹರಿದರೆ ಸ್ನಾಯುಗಳೆಲ್ಲ ಒಟ್ಟಿಗೆ ಹಿಂಡಿ ರಕ್ತ ತಳ್ಳುತ್ತವೆ. ದಾರಿ ತಪ್ಪಿದರೆ ಒಂದೊಂದು ಎಳೆಯೂ ತನ್ನ ಪಾಡಿಗೆ ತಾನು ಅದುರುತ್ತದೆ. ತೇರಿನ ಹಗ್ಗವನ್ನು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಜಗ್ಗಿದ ಹಾಗೆ. ತೇರು ಕದಲುವುದಿಲ್ಲ, ರಕ್ತ ಮುಂದೆ ಹೋಗುವುದಿಲ್ಲ. ಇದನ್ನು ವೈದ್ಯರು ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಎನ್ನುತ್ತಾರೆ.

ಈ ಕರೆಂಟನ್ನು ಮನುಷ್ಯರ ಎದೆ ತೆರೆಯದೆ ಮೊದಲು ದಾಖಲಿಸಿದವರು ಲಂಡನ್ನಿನ ಅಗಸ್ಟಸ್ ವಾಲರ್, 1887ರಲ್ಲಿ. ಅದನ್ನು ಸ್ಪಷ್ಟವಾಗಿ ಬರೆಯುವ ಯಂತ್ರ ಕಟ್ಟಿದವರು ನೆದರ್ಲೆಂಡ್ಸ್‌ನ ಲೈಡನ್ ಊರಿನ ವಿಲ್ಲೆಮ್ ಐಂಥೋವೆನ್. ಆ ಯಂತ್ರದ ತೂಕ ಸುಮಾರು 270 ಕೆಜಿ. ನಡೆಸಲು ಐದು ಜನ ಬೇಕು. ರೋಗಿ ಉಪ್ಪುನೀರಿನ ಪಾತ್ರೆಯಲ್ಲಿ ಕೈಕಾಲು ಇಟ್ಟು ಕೂರಬೇಕು. ಯಂತ್ರವನ್ನು ಆಸ್ಪತ್ರೆಗೆ ಒಯ್ಯಲಾಗದೆ, 1905ರಲ್ಲಿ ಅವರು ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯಲ್ಲೇ ರೋಗಿಗಳ ಎದೆಬಡಿತ ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಇಂದು ನಾವು ಮಾಡಿಸುವ ಇಸಿಜಿ ಆ ಯಂತ್ರದ ಮೊಮ್ಮಗು.

ತಪ್ಪಿದ ಕರೆಂಟು ಕಾಣತೊಡಗಿತು. ಸರಿಪಡಿಸುವುದು ಹೇಗೆ? ಜಿನೀವಾದ ಪ್ರೆವೋ ಮತ್ತು ಬಟೆಲ್ಲಿ 1899ರಲ್ಲೇ ನಾಯಿಗಳ ಮೇಲೆ ಪ್ರಯೋಗ ಮಾಡಿ ಒಂದು ವಿಚಿತ್ರ ಕಂಡಿದ್ದರು: ಸಣ್ಣ ಶಾಕ್ ಹೃದಯವನ್ನು ನಡುಗಿಸುತ್ತದೆ, ಜೋರಾದ ಶಾಕ್ ಆ ನಡುಕವನ್ನೇ ನಿಲ್ಲಿಸುತ್ತದೆ. ಇದು ಮನುಷ್ಯನ ಜೀವ ಉಳಿಸಲು ಸುಮಾರು ಐವತ್ತು ವರ್ಷ ಹಿಡಿಯಿತು. 1947ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಆಪರೇಷನ್ ವೇಳೆ 14 ವರ್ಷದ ಹುಡುಗನ ಹೃದಯ ನಡುಗತೊಡಗಿತು. ಡಾ. ಕ್ಲಾಡ್ ಬೆಕ್ ಹೃದಯವನ್ನು ಕೈಯಲ್ಲೇ ಹಿಂಡುತ್ತಾ ಶಾಕ್ ಕೊಟ್ಟರು. ಹುಡುಗ ಬದುಕಿದ.

ಇನ್ನೊಂದು ದಾರಿ ಲೈನ್‌ಮನ್‌ಗಳ ಸಾವಿನಿಂದ ತೆರೆಯಿತು. ಶಾಕ್ ಹೊಡೆದು ಸಾಯುತ್ತಿದ್ದ ನೌಕರರನ್ನು ಉಳಿಸುವ ಉಪಾಯಕ್ಕಾಗಿ ಅಮೆರಿಕದ ವಿದ್ಯುತ್ ಕಂಪನಿಗಳು ಸಂಶೋಧನೆಗೆ ಹಣ ಕೊಟ್ಟವು. ಬಾಲ್ಟಿಮೋರ್‌ನಲ್ಲಿ ಆ ಕೆಲಸ ಮಾಡುತ್ತಿದ್ದ ಕೌವೆನ್‌ಹೋವೆನ್ ವೈದ್ಯರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ಶಾಕ್ ಕೊಡುವ ಭಾರದ ಹಿಡಿಗಳನ್ನು ಎದೆಗೆ ಒತ್ತಿದಾಗಲೇ ನಾಯಿಯ ರಕ್ತದೊತ್ತಡ ಏರಿದ್ದನ್ನು ಅವರ ಜೊತೆಗಾರ ನಿಕರ್‌ಬಾಕರ್ ಗಮನಿಸಿದರು. ಎದೆ ತೆರೆಯದೆಯೇ ಹೊರಗಿನಿಂದ ಒತ್ತಿ ರಕ್ತ ಹರಿಸಬಹುದು ಎಂದು 1960ರಲ್ಲಿ ಅವರು, ಡಾ. ಜೂಡ್ ಜೊತೆ ಸೇರಿ, ಲೋಕಕ್ಕೆ ಸಾರಿದರು. ಅದೇ ಸಿಪಿಆರ್.

ಮುಂದೆ ಯಂತ್ರವೂ ರೋಗಿಯ ಬಳಿಗೆ ಹೊರಟಿತು. ಬೆಲ್‌ಫಾಸ್ಟ್‌ನ ಡಾ. ಪ್ಯಾಂಟ್ರಿಜ್ 1965ರಲ್ಲಿ ಕಾರ್ ಬ್ಯಾಟರಿಯಿಂದ ನಡೆಯುವ ಶಾಕ್ ಯಂತ್ರ ಮಾಡಿ ಆಂಬುಲೆನ್ಸ್‌ಗೆ ಹಾಕಿಸಿದರು. ಅದರ ತೂಕ ಸುಮಾರು 70 ಕೆಜಿ. ಇಂದಿನ ಯಂತ್ರವನ್ನು ಒಂದೇ ಕೈಯಲ್ಲಿ ಹಿಡಿದು ಓಡಬಹುದು.

ಆದರೂ ಅದು ನಮ್ಮ ಊರಿಗೆ ಬರಲು ಹೊತ್ತು ಬೇಕು. ಯಾರೂ ಏನೂ ಮಾಡದೆ ನಿಂತರೆ, ಶಾಕ್ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇ 7ರಿಂದ 10ರಷ್ಟು ಕುಸಿಯುತ್ತದೆ.

ಅದಕ್ಕೇ ಈ ಕಥೆ ಹೇಳಿದೆವು. ಯಾರಾದರೂ ಬಿದ್ದು, ಕರೆದರೂ ಏಳದೆ, ಉಸಿರಾಡದೆ ಅಥವಾ ಬರೀ ಏದುಸಿರು ಎಳೆಯುತ್ತಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಿ. ಇನ್ನೊಬ್ಬರು ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, ಎರಡು ಇಂಚು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ದಣಿದರೆ ಮತ್ತೊಬ್ಬರು ಕೈ ಹಾಕಿ, ನಿಲ್ಲಿಸಬೇಡಿ. ಪಂಪ್‌ಸೆಟ್ ಶಾಕ್ ಆಗಿದ್ದರೆ ಮೊದಲು ಕರೆಂಟ್ ತೆಗೆಯಿರಿ, ಆಮೇಲೆ ಮುಟ್ಟಿ.

ಆಂಬುಲೆನ್ಸ್ ಬರುವ ತನಕ ಬಿದ್ದವರ ಹೃದಯದ ಕೆಲಸ ನಮ್ಮ ಕೈಯದು. ಬಿದ್ದವರಿಗೆ ಗಾಳಿ ಬೀಸುತ್ತಾ, ನೀರು ಚಿಮುಕಿಸುತ್ತಾ ಆ ನಿಮಿಷಗಳನ್ನು ಕಳೆಯದಿರೋಣ.