ಪಳವೇರ್ಕಾಡು: ಒಂದು ಅಳಿವೆಯ ಚರಿತ್ರೆ

ನವೆಂಬರ್ ಒಂದನೆಯ ತಾರೀಖು ಬಂದಿತೆಂದರೆ ಚೆನ್ನೈಯಲ್ಲಿರುವ ನಾವು ಕನ್ನಡಿಗರು ಹಂಪೆಯನ್ನು ನೆನೆಯುತ್ತೇವೆ. ನಮ್ಮ ಭಾಷಣಗಳಲ್ಲಿ ತುಂಗಭದ್ರೆ ಹರಿಯುತ್ತಾಳೆ. ಮಕ್ಕಳ ನಾಟಕದಲ್ಲಿ ಕೃಷ್ಣದೇವರಾಯನ ಕಿರೀಟ ಮಿನುಗುತ್ತದೆ. ಆದರೆ ಆ ಸಾಮ್ರಾಜ್ಯದ ಕಡಲ ಬಾಗಿಲುಗಳಲ್ಲಿ ಒಂದು ಈ ನಗರದಿಂದ ಬಡಗಣಕ್ಕೆ ಸುಮಾರು ಅರವತ್ತು ಕಿಲೋಮೀಟರ್ ದೂರದಲ್ಲಿಯೇ ಇದೆಯೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ತಿಳಿದಿದೆ? ಬ್ಯಾಂಕಿನ ಗುಮಾಸ್ತನಾಗಿ ಇಲ್ಲಿಗೆ ಬಂದು ಒಂಬತ್ತು ವರ್ಷ ಕಳೆಯುವವರೆಗೂ ನನಗಂತೂ ತಿಳಿದಿರಲಿಲ್ಲ.

ಆ ಊರಿನ ಹೆಸರು ಪಳವೇರ್ಕಾಡು. ಪರದೇಶದ ವರ್ತಕರ ಬಾಯಲ್ಲಿ ಅದು ಪುಲಿಕಾಟ್ ಆಯಿತು. ಅಲ್ಲಿನವರು ಈ ಹೆಸರನ್ನು ಪಳಂ, ವೇರ್, ಕಾಡು ಎಂದು ಬಿಡಿಸಿ ಹೇಳುತ್ತಾರೆ. ವೇರ್ ಎಂದರೆ ನಮ್ಮ ಬೇರು. ಕಾಡಂತೂ ಎರಡು ನುಡಿಗೂ ಒಂದೇ. ಪೊನ್ನೇರಿಯವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದರೆ ಊರು ಸಿಕ್ಕುತ್ತದೆ. ಊರಿನ ಮುಂದೆ ಕಣ್ಣು ಹಾಯುವವರೆಗೂ ನೀರು. ಅದು ಸಮುದ್ರವೂ ಅಲ್ಲ, ಕೆರೆಯೂ ಅಲ್ಲ. ಶ್ರೀಹರಿಕೋಟೆಯೆಂಬ ನೀಳವಾದ ಮರಳ ದ್ವೀಪವು ಬಂಗಾಳ ಕೊಲ್ಲಿಯನ್ನು ಆಚೆಗೆ ತಡೆದು ನಿಲ್ಲಿಸಿದೆ. ಈಚೆಯಿಂದ ಆರಣಿ, ಕಾಳಂಗಿ ಮೊದಲಾದ ಹೊಳೆಗಳು ಸಿಹಿನೀರನ್ನು ತಂದು ಸುರಿಯುತ್ತವೆ. ಮರಳದಂಡೆ ಕಡಿದಿರುವ ಅಳಿವೆಯ ಮೂಲಕ ಕಡಲಿನ ನೀರು ಉಬ್ಬರದಲ್ಲಿ ಒಳಗೆ ಬಂದು, ಇಳಿತದಲ್ಲಿ ಹೊರಗೆ ಹೋಗುತ್ತದೆ. ಉತ್ತರ ದಕ್ಷಿಣವಾಗಿ ಸುಮಾರು 60 ಕಿಲೋಮೀಟರ್ ಹಬ್ಬಿರುವ ಈ ಸರೋವರದ ಆಳ ಬಹುಭಾಗದಲ್ಲಿ ಒಂದೆರಡು ಮೀಟರನ್ನು ಮೀರದು. ನಮ್ಮ ದೇಶದ ಇಂಥ ಉಪ್ಪುನೀರ ಸರೋವರಗಳಲ್ಲಿ ಒಡಿಶಾದ ಚಿಲ್ಕ ಮೊದಲನೆಯದು, ಇದು ಎರಡನೆಯದು.

ಈ ಸರೋವರದ ಚರಿತ್ರೆಯೆಲ್ಲ ಅಳಿವೆಯ ಚರಿತ್ರೆಯೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಬಾಯಿ ತೆರೆದಿದ್ದಾಗ ಊರು ಬಾಳಿತು; ಬಾಯಿ ಕಟ್ಟಿದಾಗ ಬಡವಾಯಿತು.

ಹದಿನಾರನೆಯ ಶತಮಾನದ ಆದಿಯಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ ಈ ಬಂದರನ್ನು ಕುರಿತು ಬರೆದಿದ್ದಾನೆ. ಅವನ ದೃಷ್ಟಿಯಲ್ಲಿ ಇದು ವಿಜಯನಗರದ ಅರಸನ ಬಂದರು. ಪೆಗುವಿನ ಕೆಂಪುಗಳು ಇಲ್ಲಿ ಮಾರಾಟವಾಗುತ್ತಿದ್ದವು; ಇಲ್ಲಿಯ ಬಣ್ಣದ ಹತ್ತಿಬಟ್ಟೆ ಮಲಕ್ಕ, ಸುಮಾತ್ರಗಳಿಗೆ ಹೋಗುತ್ತಿತ್ತು. ಹಂಪೆಯ ಬೀದಿಯಲ್ಲಿ ರತ್ನಗಳನ್ನು ರಾಶಿ ಹಾಕಿ ಮಾರುತ್ತಿದ್ದರೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಷ್ಟೆ. ಆ ರತ್ನಗಳು ಯಾವ ದಾರಿಯಿಂದ ಬಂದವೆಂದು ಕೇಳುವವರು ವಿರಳ. ಕಡಲಾಚೆಯ ಕೆಂಪುಗಳು ದೇಶದೊಳಕ್ಕೆ ಕಾಲಿಟ್ಟ ಬಾಗಿಲುಗಳಲ್ಲಿ ಈ ಅಳಿವೆಯೂ ಒಂದು.

1565ರ ಯುದ್ಧದಲ್ಲಿ ವಿಜಯನಗರ ಸೋತು ಹಂಪೆ ಹಾಳಾಯಿತು. ಆದರೆ ರಾಜ್ಯ ಅಳಿಯಲಿಲ್ಲ. ಅರವೀಡು ವಂಶದ ಅರಸರು ಪೆನುಗೊಂಡೆಯಿಂದಲೂ ಬಳಿಕ ಚಂದ್ರಗಿರಿಯಿಂದಲೂ ಆಳಿದರು. 1610 ನಮ್ಮ ಮೈಸೂರಿನವರು ಮರೆಯಲಾಗದ ವರ್ಷ. ಆ ವರ್ಷವೇ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದು ದಸರೆಯನ್ನು ನಡೆಸತೊಡಗಿದರು. ವೆಂಕಟಪತಿರಾಯ ಪಳವೇರ್ಕಾಡಿನಲ್ಲಿ ವ್ಯಾಪಾರಮಾಡಲು ಡಚ್ಚರಿಗೆ ಅಪ್ಪಣೆ ಕೊಟ್ಟದ್ದೂ ಅದೇ ವರ್ಷವೇ. ಪಡುವಣದಲ್ಲಿ ಒಂದು ಬಾಗಿಲು ರಾಯರ ಕೈತಪ್ಪಿದಾಗ, ಮೂಡಣದಲ್ಲಿ ಇನ್ನೊಂದು ಬಾಗಿಲಿಗೆ ಪರದೇಶಿಗಳು ಬಂದು ನಿಂತರು. 1612ರಲ್ಲಿ ಸಾಂತೋಮಿನ ಪೋರ್ಚುಗೀಸರು ಬಂದು ಡಚ್ಚರ ಮಳಿಗೆಯನ್ನು ಹಾಳುಗೆಡವಿದರು. ಮರುವರ್ಷ ಡಚ್ಚರು ಗೆಲ್ಡ್ರಿಯ ಎಂಬ ಕೋಟೆಯನ್ನೇ ಎಬ್ಬಿಸಿದರು.

ಲೆಕ್ಕಪತ್ರದ ಕೆಲಸದವನಾದ ನನಗೆ ಇಲ್ಲಿ ಇನ್ನೊಂದು ವಿಷಯ ರುಚಿಸಿತು. ಡಚ್ಚರು ಈ ಊರಿನಲ್ಲಿ ಟಂಕಸಾಲೆಯಿಟ್ಟು ವರಾಹಗಳನ್ನು ಅಚ್ಚುಹಾಕಿದರು. ವರಾಹ ವಿಜಯನಗರದ ನಾಣ್ಯವಲ್ಲವೆ! ರಾಯರ ಗತವೈಭವ ಮಣ್ಣುಗೂಡಿದ ಮೇಲೂ ಅವರ ನಾಣ್ಯದ ಮಾತು ನಡೆಯುತ್ತಲೇ ಇತ್ತು. ಮದರಾಸಿನ ಇಂಗ್ಲಿಷ್ ಕಂಪನಿಯ ಲೆಕ್ಕವೂ 1818ರವರೆಗೆ ವರಾಹ, ಪಣಗಳಲ್ಲಿಯೇ ಇತ್ತು. ನಮ್ಮ ಹಣವೇ ತಮಿಳರ ಪಣಂ. ಆದರೆ ಜಮೆಯನ್ನು ಮಾತ್ರ ತೋರಿಸಿ ಖರ್ಚನ್ನು ಮುಚ್ಚಿಡುವುದು ಗುಮಾಸ್ತನಿಗೆ ಸಲ್ಲದು. ಬಟ್ಟೆಯೊಡನೆ ಮನುಷ್ಯರೂ ಇದೇ ಅಳಿವೆಯಿಂದ ಹೊರಗೆ ಸಾಗಿದರು. ಬರಗಾಲದಲ್ಲಿ ಹೊಟ್ಟೆಗಿಲ್ಲದವರನ್ನು ಕೊಂಡು ಗುಲಾಮರನ್ನಾಗಿ ಬಟಾವಿಯಕ್ಕೆ ಸಾಗಿಸಿದ ಪಾಪವೂ ಈ ಲೆಕ್ಕದಲ್ಲಿದೆ.

ನಮ್ಮ ಚೆನ್ನೈಯೂ ಒಂದು ರೀತಿಯಲ್ಲಿ ಈ ಸರೋವರದ ಮಗಳೇ. ಇಂಗ್ಲಿಷರು 1621ರಲ್ಲಿ ಪಳವೇರ್ಕಾಡಿಗೆ ಬಂದರು. ಡಚ್ಚರ ಪಕ್ಕದಲ್ಲಿ ನೆಲೆಯೂರಲಾರದೆ ಎರಡೇ ವರ್ಷದಲ್ಲಿ ಹೊರಟರು. ಸರೋವರದ ಬಡಗಣ ತುದಿಯ ಬಳಿ ಅರ್ಮಗಾನ್ ಎಂಬಲ್ಲಿ 1626ರಲ್ಲಿ ಮಳಿಗೆ ಹಾಕಿದರು. ಅಲ್ಲಿಯೂ ಬಟ್ಟೆಯ ವ್ಯಾಪಾರ ಕುದುರಲಿಲ್ಲ. ಕೊನೆಗೆ 1639ರಲ್ಲಿ ಚಂದ್ರಗಿರಿಯ ಅರಸನ ಅಧೀನದಲ್ಲಿದ್ದ ದಾಮರ್ಲ ವೆಂಕಟಾದ್ರಿ ನಾಯಕನಿಂದ ಫ್ರಾನ್ಸಿಸ್ ಡೇ ಮದರಾಸಪಟ್ಟಣದ ಮರಳತೀರವನ್ನು ಪಡೆದನು. ನಾಯಕನ ತಂದೆ ಚೆನ್ನಪ್ಪನ ಹೆಸರಿನಿಂದಲೇ ಚೆನ್ನಪಟ್ಟಣವೆಂಬ ಹೆಸರು ಬಂದಿತೆಂದು ಹೇಳುತ್ತಾರೆ. ಕಿರಿಯದು ಬೆಳೆದು ಮಹಾನಗರವಾಯಿತು, ಹಿರಿಯದು ಸೊರಗಿತು. 1690ರಲ್ಲಿ ಡಚ್ಚರು ತಮ್ಮ ಮುಖ್ಯ ಠಾಣ್ಯವನ್ನು ನಾಗಪಟ್ಟಣಕ್ಕೆ ಬದಲಾಯಿಸಿದರು. 1825ರಲ್ಲಿ ಊರು ಕಡೆಯದಾಗಿ ಇಂಗ್ಲಿಷರಿಗೆ ಸಂದಿತು. ಇಂದು ಕೋಟೆಯಿದ್ದಲ್ಲಿ ಮುಳ್ಳುಪೊದೆ. ಡಚ್ಚರ ಸ್ಮಶಾನ ಮಾತ್ರ ಪ್ರಾಚ್ಯವಸ್ತು ಇಲಾಖೆಯ ರಕ್ಷಣೆಯಲ್ಲಿ ಉಳಿದಿದೆ. ಅದರ ಹೆಬ್ಬಾಗಿಲಿನ ಎರಡು ಕಡೆಯೂ ಕಲ್ಲಿನ ಅಸ್ಥಿಪಂಜರಗಳು ನಿಂತಿವೆ.

ಹಾಗಾದರೆ ಈ ಅಳಿವೆಗೆ ಇಂದು ಬರುವವರು ಯಾರು? ಹಕ್ಕಿಗಳು ಬರುತ್ತವೆ. ಐಪ್ಪಸಿ, ಕಾರ್ತಿಕಗಳ ಮಳೆ ಸುರಿದು, ನಾವು ಇಲ್ಲಿ ರಾಜ್ಯೋತ್ಸವಕ್ಕೆ ತೋರಣ ಕಟ್ಟುವ ಹೊತ್ತಿಗೆ ಅವುಗಳ ಆಗಮನ ಮೊದಲಾಗುತ್ತದೆ. ಮಧ್ಯ ಏಷ್ಯ, ಸೈಬೀರಿಯಗಳಿಂದ ಸೂಜಿಬಾಲದ ಬಾತುಗಳು ಬರುತ್ತವೆ. ಸಾವಿರಾರು ರಾಜಹಂಸಗಳು ತೆಳುನೀರಿನಲ್ಲಿ ನಿಂತು, ಕೊಕ್ಕನ್ನು ತಲೆಕೆಳಗಾಗಿ ಅದ್ದಿ, ಕೆಸರುನೀರನ್ನು ಸೋಸಿ ತಿನ್ನುತ್ತವೆ. ಅವುಗಳ ರೆಕ್ಕೆಯ ಕೆಂಬಣ್ಣವೂ ಹಾಗೆ ಸೋಸಿ ತಿಂದ ಪಾಚಿ, ಕಿರುಸೀಗಡಿಗಳಿಂದಲೇ ಬಂದದ್ದು. ಆಂಧ್ರಪ್ರದೇಶವು 1976ರಲ್ಲಿ, ತಮಿಳುನಾಡು 1980ರಲ್ಲಿ, ತಂತಮ್ಮ ಪಾಲಿನ ನೀರನ್ನು ಪಕ್ಷಿಧಾಮವೆಂದು ಸಾರಿದವು. ಬಹುಭಾಗ ಆಂಧ್ರದಲ್ಲಿದೆ, ಅಳಿವೆಯೂ ಬಂದರೂ ತಮಿಳುನಾಡಿನಲ್ಲಿವೆ. ಭಾಷೆಗೊಂದು ರಾಜ್ಯವಾದದ್ದರ ಹಬ್ಬವನ್ನು ನಾವು ಮಾಡುತ್ತೇವೆ, ಅದು ಸರಿಯೇ. ಆದರೆ ನೀರಿಗೂ ಮೀನಿಗೂ ಹಕ್ಕಿಗೂ ಆ ಗೆರೆ ಕಾಣಿಸದೆಂಬುದನ್ನೂ ಇಲ್ಲಿ ನೋಡಿ ಕಲಿಯಬಹುದು.

ಕಳೆದ ಜನವರಿಯಲ್ಲಿ ನಮ್ಮ ತಾಯಿ ಊರಿನಿಂದ ಬಂದಿದ್ದರು. ಅವರ ತವರು ಮದ್ದೂರು ತಾಲ್ಲೂಕು, ಕೊಕ್ಕರೆ ಬೆಳ್ಳೂರಿನ ನೆರೆ. ಸುಳ್ಳೂರುಪೇಟೆಯವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಸರೋವರದ ಪಕ್ಕದ ನೇಲಪಟ್ಟು ಕೆರೆಗೆ ಅವರನ್ನು ಕರೆದೊಯ್ದೆ. ನೀರಿನಲ್ಲೇ ನಿಂತ ಮರಗಳ ಮೇಲೆ ಹೆಜ್ಜಾರ್ಲೆಗಳು ಗೂಡುಕಟ್ಟಿ, ಮರಿಗಳಿಗೆ ಗುಟುಕು ಕೊಡುತ್ತಿದ್ದವು. ಮರಿಗಳ ಮೀನು ಪಳವೇರ್ಕಾಡಿನ ನೀರಿನಿಂದ ಬರುತ್ತದೆ. ಅಮ್ಮ ಬಹಳ ಹೊತ್ತು ನೋಡಿ, “ಇವು ನಮ್ಮೂರ ಹಕ್ಕಿಗಳಲ್ಲವೇನೋ ಮಗ? ಇಲ್ಲಿಗೂ ಬಾಣಂತನಕ್ಕೆ ಬಂದವಾ?” ಎಂದರು. ಕೊಕ್ಕರೆ ಬೆಳ್ಳೂರಿನಲ್ಲಿ ಹುಣಿಸೆಮರಗಳ ಮೇಲೆ ಗೂಡುಕಟ್ಟುವ ಹೆಜ್ಜಾರ್ಲೆಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಜನ ಕಾಣುತ್ತಾರೆ. ಅವೇ ಹಕ್ಕಿಗಳೋ ಅಲ್ಲವೋ, ಜಾತಿ ಒಂದೇ. ನಾನು ವಾದಿಸಲಿಲ್ಲ.

ಈ ಸಂಸಾರಕ್ಕೆಲ್ಲ ಆಧಾರ ಅಳಿವೆ. ಸೀಗಡಿ ಹುಟ್ಟುವುದು ಕಡಲಿನಲ್ಲಿ. ಮರಿಯಾಗಿ ಅಳಿವೆಯಿಂದ ಒಳಗೆ ಬಂದು, ತೆಳುನೀರಿನಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಕಡಲಿಗೆ ಹೋಗುತ್ತದೆ. ಬಾಗಿಲು ಮುಚ್ಚಿದರೆ ಒಳಗೆ ಬರುವ ಮರಿಯೂ ಇಲ್ಲ, ಹೊರಗೆ ಹೋಗುವ ತಾಯಿಯೂ ಇಲ್ಲ. ಅಲ್ಲಿಯ ಬೆಸ್ತರು ಪಾಡು ಎಂಬ ಹಳೆಯ ಕಟ್ಟಳೆಯಂತೆ, ಯಾರು ಯಾವ ದಿನ ಯಾವ ಜಾಗದಲ್ಲಿ ಬಲೆ ಹಾಕಬೇಕೆಂಬುದನ್ನು ಸರದಿಯಿಂದ ಹಂಚಿಕೊಳ್ಳುತ್ತಾರೆ. ಇದ್ದ ಮೀನನ್ನು ಜಗಳವಿಲ್ಲದೆ ಹಂಚಲು ಅವರು ಬಲ್ಲರು. ಇಲ್ಲದ ಮೀನನ್ನು ಯಾರು ಹಂಚಬಲ್ಲರು?

ಆ ಭಯ ಕಲ್ಪನೆಯದಲ್ಲ. ಬೇಸಗೆಯಲ್ಲಿ ಹೊಳೆಗಳು ಬತ್ತಿದಾಗ ಮರಳು ಅಳಿವೆಯನ್ನು ಕಟ್ಟುತ್ತದೆ. ಬಿಸಿಲಿಗೆ ನೀರಾರಿ ಉಪ್ಪು ಏರುತ್ತದೆ. ಶ್ರೀಹರಿಕೋಟೆಗೆ ರಾಕೆಟ್ಟಿನ ನೆಲೆ ಬಂದಾಗ ಸರೋವರಕ್ಕೆ ಅಡ್ಡಲಾಗಿ ಹಾಕಿದ ರಸ್ತೆ, ಬಡಗಣ ಭಾಗದ ನೀರಿನ ಓಟವನ್ನು ತಗ್ಗಿಸಿತು. ಆ ನೆಲೆಗೆ ಬೆಂಗಳೂರಿನ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದ ಸತೀಶ್ ಧವನರ ಹೆಸರಿದೆ. ಅದು ನಮಗೂ ಅಭಿಮಾನದ ಸಂಗತಿ. ಆದುದರಿಂದಲೇ ಈ ಮಾತನ್ನೂ ಹೇಳಬೇಕಾಗಿದೆ. ತೆಂಕಣದಲ್ಲಿ ಕಾಟ್ಟುಪಳ್ಳಿ ಬಂದರನ್ನು ಹಿಗ್ಗಿಸುವ ಯೋಜನೆಯನ್ನು ಬೆಸ್ತರು ಎದುರಿಸಿದ್ದಾರೆ. ದಡ ಕೊರೆದುಹೋಗಿ ಅಳಿವೆ ಕೆಡುವುದೆಂಬುದು ಅವರ ಆತಂಕ.

ಪರಿಹಾರವಿಲ್ಲವೆಂದಲ್ಲ. ಚಿಲ್ಕಕ್ಕೂ ಇದೇ ರೋಗ ತಗುಲಿತ್ತು. 2000ದ ಸೆಪ್ಟೆಂಬರಿನಲ್ಲಿ ಅಲ್ಲಿ ಕಡಲಿಗೆ ಹೊಸ ಬಾಯಿಯನ್ನು ತೋಡಿದರು. ಮೀನು ಮರಳಿತು, ಸರೋವರ ಚೇತರಿಸಿಕೊಂಡಿತು. ಎರಡು ಸರ್ಕಾರಗಳು ಒಂದೇ ಮನಸ್ಸಿನಿಂದ ನಿಂತರೆ ಇಲ್ಲಿಯೂ ಆಗದ ಕೆಲಸವಲ್ಲ.

ರಾಯರ ಬಂದರೆಂಬ ಕಾರಣಕ್ಕೆ ಪಳವೇರ್ಕಾಡು ನಮ್ಮದೆಂದು ಹಕ್ಕು ಹೂಡಲು ನಾನಿದನ್ನು ಬರೆಯಲಿಲ್ಲ. ವಿಜಯನಗರ ಕನ್ನಡ, ತೆಲುಗು, ತಮಿಳು ಮೂರನ್ನೂ ಕೂಡಿಸಿ ಆಳಿದ ರಾಜ್ಯ. ನಾವಾದರೂ ಹೊರಗಿನಿಂದ ಬಂದು, ಈ ಊರಿನ ನೀರಿನಲ್ಲಿ ಬೆರೆತು, ಬೆಳೆದವರು. ಬಾಗಿಲು ತೆರೆದಿರುವುದರ ಬೆಲೆ ನಮಗೆ ತಿಳಿಯದೆ ಮತ್ತಾರಿಗೆ ತಿಳಿಯಬೇಕು? ಈ ಉತ್ಸವ ಮುಗಿದ ಮೇಲೆ, ಡಿಸೆಂಬರಿನಿಂದ ಫೆಬ್ರವರಿಯೊಳಗೆ ಒಂದು ಭಾನುವಾರ, ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಅಲ್ಲಿಗೆ ಹೋಗಿಬನ್ನಿ. ಬುತ್ತಿ ಕಟ್ಟಿಕೊಂಡು ಹೋಗಿರಿ. ಪ್ಲಾಸ್ಟಿಕ್ಕನ್ನು ಮಾತ್ರ ಅಲ್ಲಿ ಬಿಟ್ಟು ಬರಬೇಡಿರಿ. ಊರಿಗೆ ಹೊರಡುವ ದಿನ ಅಮ್ಮ ರೈಲಿನ ಕಿಟಕಿಯಿಂದ ಕೇಳಿದ ಕೊನೆಯ ಮಾತು ಇದು: “ಆ ಮರಿಗಳಿಗೆ ರೆಕ್ಕೆ ಬಲಿತಾಗ ಒಂದು ಕಾಗದ ಹಾಕು.” ಅದಕ್ಕಾಗಿ ಫೆಬ್ರವರಿಯಲ್ಲಿ ನಾನು ಮತ್ತೊಮ್ಮೆ ಹೋಗಿ ಬಂದೆ. ಬಲಿತಿದ್ದವು.