ಊಟದ ಮೇಜು, ಬೇಸಿಗೆಯ ಕೆಲಸ, ನಗರದ ಹೊಣೆ

ಅಮೆರಿಕದ ಮಧ್ಯಮ ಗಾತ್ರದ ಯಾವ ನಗರಾಡಳಿತದ ಮಾನವ ಸೇವಾ ಇಲಾಖೆಯನ್ನು ತೆಗೆದುಕೊಂಡರೂ ಅದರ ತಿಂಗಳ ಕಾರ್ಯಕ್ರಮಪಟ್ಟಿಯಲ್ಲಿ ವಿಚಿತ್ರವಾದ ಸಹವಾಸ ಕಾಣುತ್ತದೆ. ಹಿರಿಯರಿಗೆ ಮಧ್ಯಾಹ್ನದ ಊಟ, ಕುರ್ಚಿಯಲ್ಲಿ ಕೂತೇ ಮಾಡುವ ವ್ಯಾಯಾಮ, ಹಾಡು, ಇಸ್ಪೀಟು. ಅದರ ಪಕ್ಕದಲ್ಲೇ ತೆರಿಗೆ ಅರ್ಜಿಗೆ ನೆರವು, ಹದಿಹರೆಯದವರಿಗೆ ಬೇಸಿಗೆಯ ಕೆಲಸ, ಜಗಳದಲ್ಲಿ ಬೆಂದ ಕುಟುಂಬಗಳಿಗೆ ಆಪ್ತಸಲಹೆ. ಆದಾಯ ಕುಸಿದ ವರ್ಷ ಬಜೆಟ್ ಸಭೆಯಲ್ಲಿ ಇವುಗಳನ್ನು ಎರಡು ರಾಶಿ ಮಾಡುವ ಆಸೆ ಹುಟ್ಟುತ್ತದೆ: ಸಲಹೆ, ಅರ್ಜಿ, ಔಷಧ ಇವು ‘ನಿಜವಾದ’ ಸೇವೆ, ಊಟ, ಆಟ, ಹಾಡು ಅಲಂಕಾರ. ಈ ಕ್ಷೇತ್ರ ಬೆಳೆದುಬಂದ ದಾರಿಯನ್ನು ಹಿಂದಿನಿಂದ ನೋಡುತ್ತ ಬಂದರೆ ಈ ವಿಂಗಡಣೆ ತಪ್ಪೆಂದೇ ನನಗೆ ತೋರುತ್ತದೆ. ಜನ ಸೇರುವುದಕ್ಕೆ ಸಿಕ್ಕ ನೆಪವೇ ಇಲ್ಲಿ ಸೇವೆಯ ಮುಖ್ಯ ಭಾಗ. ಅದನ್ನು ಕಿತ್ತುಹಾಕಿದರೆ ಉಳಿದ ಸೇವೆಗೆ ಜನರೇ ಸಿಗುವುದಿಲ್ಲ.

ಆರಂಭ ನಗರಸಭೆಯಲ್ಲಿ ಆದದ್ದಲ್ಲ. ಲಂಡನ್ನಿನ ಪೂರ್ವಭಾಗದ ಬಡಕೇರಿಯಲ್ಲಿ 1884ರಲ್ಲಿ ಟಾಯ್ನ್‌ಬೀ ಹಾಲ್ ಎಂಬ ಸೇವಾಮನೆ ಹುಟ್ಟಿತು. ಅದನ್ನು ಕಂಡು ಬಂದ ಅಮೆರಿಕದ ಜೇನ್ ಆಡಮ್ಸ್ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆಗೂಡಿ 1889ರಲ್ಲಿ ಶಿಕಾಗೋದ ಹಾಲ್‌ಸ್ಟೆಡ್ ಬೀದಿಯಲ್ಲಿ ಹಲ್ ಹೌಸ್ ತೆರೆದರು. ಇಟಲಿ, ಗ್ರೀಸ್, ಜರ್ಮನಿ, ಬೊಹೀಮಿಯಾಗಳಿಂದ ಬಂದ ಕೂಲಿಕಾರ ಕುಟುಂಬಗಳ ನಡುವೆ ಶಿಶುವಿಹಾರ, ಸ್ನಾನಗೃಹ, ಆಟದ ಮೈದಾನ, ರಂಗಮಂದಿರ ಒಂದೊಂದಾಗಿ ಎದ್ದು, ಇಪ್ಪತ್ತು ವರ್ಷ ತುಂಬುವ ಮೊದಲೇ ಅದು ಹದಿಮೂರು ಕಟ್ಟಡಗಳ ಸಂಕೀರ್ಣವಾಯಿತು. ಅಲ್ಲಿನ ಒಂದು ಪ್ರಯೋಗ ಇಂದಿಗೂ ಗಮನಾರ್ಹ. ವಲಸಿಗರ ಮಕ್ಕಳು ಇಂಗ್ಲಿಷ್ ಕಲಿತೊಡನೆ ಹೆತ್ತವರನ್ನು ಕಂಡು ನಾಚುವುದನ್ನು ಆಡಮ್ಸ್ ಗಮನಿಸಿದರು. ಮುದುಕಿಯರು ಕದಿರು ಹಿಡಿದು ನೂಲುವ ಕೌಶಲವನ್ನು ಮಕ್ಕಳ ಕಣ್ಣಮುಂದೆ ಇಡಲು 1900ರಲ್ಲಿ ಶ್ರಮ ವಸ್ತುಸಂಗ್ರಹಾಲಯವೊಂದನ್ನು ಆರಂಭಿಸಿದರು. ಅದು ಹಿರಿಯರ ಕಾರ್ಯಕ್ರಮವೋ, ಯುವಜನರದ್ದೋ, ಕುಟುಂಬದ್ದೋ ಎಂದು ಯಾರೂ ಕೇಳಲಿಲ್ಲ. ಈ ಸೇವಾಮನೆಗಳ ಕೊರತೆಯನ್ನೂ ಹೇಳಬೇಕು: ಬಹುಪಾಲು ಇಂಥ ಕೇಂದ್ರಗಳು ಕಪ್ಪು ಜನರನ್ನು ಹೊರಗಿಟ್ಟವು ಅಥವಾ ಬೇರೆಯಾಗಿ ಇಟ್ಟವು. ಬಾಗಿಲು ದೊಡ್ಡದಾಗಿತ್ತು, ಆದರೆ ಎಲ್ಲರಿಗಲ್ಲ. ಇದೇ ಸಮಯದಲ್ಲಿ ಹಲ್ ಹೌಸ್ ಬಳಗದ ಹೆಂಗಸರು ಸರ್ಕಾರದ ಮೇಲೆ ಹೊಣೆ ಹೊರಿಸುವುದರಲ್ಲೂ ಗೆದ್ದರು. ದೇಶದ ಮೊದಲ ಬಾಲ ನ್ಯಾಯಾಲಯ 1899ರಲ್ಲಿ ಶಿಕಾಗೋದಲ್ಲೇ ಸ್ಥಾಪನೆಯಾಯಿತು. ಒಕ್ಕೂಟ ಸರ್ಕಾರ 1912ರಲ್ಲಿ ರಚಿಸಿದ ಮಕ್ಕಳ ಬ್ಯೂರೋಗೆ ಅದೇ ಬಳಗದ ಜೂಲಿಯಾ ಲ್ಯಾತ್ರಪ್ ಮೊದಲ ಮುಖ್ಯಸ್ಥೆಯಾದರು.

ಹಿರಿಯರ ವಿಷಯ ತಡವಾಗಿ ಬಂತು, ಅದೂ ಅನಿರೀಕ್ಷಿತ ಕಡೆಯಿಂದ. ನ್ಯೂಯಾರ್ಕ್ ನಗರದ ಕಲ್ಯಾಣ ಇಲಾಖೆಯ ಕಾರ್ಯಕರ್ತರಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು: ಸಹಾಯಧನಕ್ಕೆಂದು ಬರುವ ವೃದ್ಧರು ಕೆಲಸ ಮುಗಿದರೂ ಎದ್ದು ಹೋಗುತ್ತಿರಲಿಲ್ಲ, ಮಾತಿಗೆ ಕೂರುತ್ತಿದ್ದರು. ಹಣದ ಕೊರತೆಯ ಕೆಳಗೆ ಜನರ ಕೊರತೆಯಿತ್ತು. ಇದನ್ನು ತೊಂದರೆ ಎಂದು ತಳ್ಳಿಹಾಕದೆ, 1943ರಲ್ಲಿ ಬ್ರಾಂಕ್ಸ್‌ನಲ್ಲಿ ವಿಲಿಯಂ ಹಾಡ್ಸನ್ ಕೇಂದ್ರ ತೆರೆದರು. ಹಿರಿಯರಿಗಾಗಿ ಅಮೆರಿಕದಲ್ಲಿ ನಡೆದ ಮೊದಲ ಕೇಂದ್ರವೆಂದು ಅದನ್ನು ಗುರುತಿಸುತ್ತಾರೆ. ಕಚೇರಿಯ ಸಿಬ್ಬಂದಿ ಕಂಡುಕೊಂಡ ಈ ಸತ್ಯ ರಾಷ್ಟ್ರದ ಕಾನೂನಾಗಲು ಇಪ್ಪತ್ತೆರಡು ವರ್ಷ ಬೇಕಾಯಿತು. ಹಿರಿಯ ಅಮೆರಿಕನ್ನರ ಕಾಯ್ದೆ 1965ರ ಜುಲೈನಲ್ಲಿ ಬಂತು. ಅದಕ್ಕೆ 1972ರಲ್ಲಿ ಸೇರಿದ ಪೋಷಣಾ ಯೋಜನೆಯಲ್ಲಿ ಎರಡು ಜಾಣತನಗಳಿವೆ. ಊಟ ಒಟ್ಟಿಗೆ ಕೂತು ಉಣ್ಣುವಂಥದ್ದು. ಅರವತ್ತು ದಾಟಿದವರಿಗೆ ಆದಾಯ ಎಷ್ಟೆಂದು ಕೇಳುವುದಿಲ್ಲ, ಮನಸ್ಸಿದ್ದವರು ಕೈಲಾದಷ್ಟು ಕೊಡಬಹುದು. ಬಡವರೆಂಬ ಹಣೆಪಟ್ಟಿ ಇಲ್ಲದ್ದರಿಂದ ಸ್ವಾಭಿಮಾನಿಗಳೂ ಬಂದರು. ಊಟಕ್ಕೆ ಬಂದವರ ರಕ್ತದೊತ್ತಡ ನೋಡುವುದು, ಬಾಡಿಗೆ ತಗಾದೆಯ ಕಾಗದ ಓದಿಕೊಡುವುದು ಅದರ ಬೆನ್ನಿಗೇ ಸಾಧ್ಯವಾಯಿತು.

ಆದರೆ ಅದೇ ವರ್ಷಗಳಲ್ಲಿ ಒಡಕೂ ಶುರುವಾಯಿತು. ಪುಟ್ಟ ಮಕ್ಕಳಿಗೆ 1965ರಲ್ಲೇ ಹೆಡ್ ಸ್ಟಾರ್ಟ್ ಯೋಜನೆ, ಮನೆಬಿಟ್ಟ ಮಕ್ಕಳಿಗೆ 1974ರ ಕಾಯ್ದೆ, ಹಿರಿಯರಿಗೆ ಪ್ರದೇಶವಾರು ವಯೋವೃದ್ಧ ಸಂಸ್ಥೆಗಳು. ಪ್ರತಿ ಹಣಕ್ಕೂ ಬೇರೆ ನಿಯಮ, ಬೇರೆ ಲೆಕ್ಕಪತ್ರ. ಅಜ್ಜಿ, ಮಗಳು, ಮೊಮ್ಮಗ ಒಂದೇ ಮನೆಯಲ್ಲಿದ್ದರೂ ಮೂರು ಕಚೇರಿಗಳ ಕಡತಗಳಾದರು. ನಗರಗಳಿಗೆ ಸ್ವಲ್ಪ ಸ್ವಾತಂತ್ರ್ಯ ಕೊಟ್ಟ ಸಮುದಾಯ ಅಭಿವೃದ್ಧಿ ಅನುದಾನದಲ್ಲೂ ಸಾರ್ವಜನಿಕ ಸೇವೆಗೆ ಶೇ. 15ರ ಮಿತಿ ಬಿತ್ತು. ಕಟ್ಟಡ ಕಟ್ಟುವುದು ಸುಲಭ, ಅದರೊಳಗೆ ಕೆಲಸ ಮಾಡುವವರಿಗೆ ಸಂಬಳ ಹುಡುಕುವುದು ಕಷ್ಟ. ಕ್ಯಾಲಿಫೋರ್ನಿಯಾದಲ್ಲಿ 1978ರ 13ನೇ ಪ್ರಸ್ತಾಪ ಆಸ್ತಿ ತೆರಿಗೆಗೆ ಕಡಿವಾಣ ಹಾಕಿತು, 1981ರಲ್ಲಿ ಒಕ್ಕೂಟದ ಹಣವೂ ಕುಗ್ಗಿತು. ಆಗ ಕೆಲವು ನಗರಗಳು ಮತದಾರರ ಬಳಿಗೇ ಹೋದವು. ಸಿಯಾಟಲ್ 1990ರಲ್ಲಿ ಕುಟುಂಬ ಮತ್ತು ಶಿಕ್ಷಣಕ್ಕೆ ಪ್ರತ್ಯೇಕ ತೆರಿಗೆಗೆ ಒಪ್ಪಿಗೆ ಪಡೆಯಿತು. ಸ್ಯಾನ್ ಫ್ರಾನ್ಸಿಸ್ಕೋ 1991ರಲ್ಲಿ ಆಸ್ತಿ ತೆರಿಗೆಯ ಒಂದು ಪಾಲನ್ನು ಮಕ್ಕಳಿಗೆ ಮೀಸಲಿಟ್ಟಿತು. ಹಿರಿಯರಿಗೂ ಅಂಗವಿಕಲರಿಗೂ ಅಂಥದೇ ನಿಧಿ ಅಲ್ಲಿ ಬಂದದ್ದು 2016ರಲ್ಲಿ. ಜನ ಇಂಥ ಸೇವೆಗೆ ಕಾಸು ಬಿಚ್ಚುವುದಿಲ್ಲ ಎಂಬ ಮಾತಿಗೆ ಈ ಮತಪೆಟ್ಟಿಗೆಗಳೇ ಉತ್ತರ.

ಜನ ಸೇರುವುದರಿಂದ ಜೀವ ಉಳಿಯುತ್ತದೆಯೇ? ಶಿಕಾಗೋದಲ್ಲಿ ಇದಕ್ಕೆ ದಾರುಣವಾದ ಸಾಕ್ಷ್ಯ ಸಿಕ್ಕಿತು. ಜುಲೈ 1995ರಲ್ಲಿ ತಾಪಮಾನ 41 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಒಂದೇ ವಾರದಲ್ಲಿ ಸಾಮಾನ್ಯಕ್ಕಿಂತ 739 ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹಳ ಮಂದಿ ಮುಚ್ಚಿದ ಕೋಣೆಗಳಲ್ಲಿ ಒಂಟಿಯಾಗಿದ್ದ ವೃದ್ಧರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಪಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿದರು. ಬಡತನದಲ್ಲೂ ಒಂಟಿ ವೃದ್ಧರ ಪ್ರಮಾಣದಲ್ಲೂ ಎರಡೂ ಹೆಚ್ಚುಕಡಿಮೆ ಸಮ. ಉತ್ತರ ಲಾಂಡೇಲ್‌ನಲ್ಲಿ ಲಕ್ಷಕ್ಕೆ 40 ಸಾವು, ದಕ್ಷಿಣ ಲಾಂಡೇಲ್‌ನಲ್ಲಿ 4. ದಕ್ಷಿಣದಲ್ಲಿ ಅಂಗಡಿಗಳಿದ್ದವು, ಜನ ತುಂಬಿದ ಪಾದಚಾರಿ ದಾರಿಗಳಿದ್ದವು, ಹೊರಗೆ ಬರಲು ಕಾರಣಗಳಿದ್ದವು. ಉತ್ತರದಲ್ಲಿ ಕಾರ್ಖಾನೆಗಳೂ ಅಂಗಡಿಗಳೂ ಮುಚ್ಚಿ, ಭಯದಿಂದ ಹಿರಿಯರು ಬಾಗಿಲು ಭದ್ರಪಡಿಸಿಕೊಂಡಿದ್ದರು. ಸಹಾಯ ಕೇಳುವ ಭಾರವನ್ನು ನಿಶ್ಶಕ್ತರ ಮೇಲೆಯೇ ಹೊರಿಸುವ ಸೇವಾಪದ್ಧತಿ ಅವರನ್ನು ಮುಟ್ಟಲಿಲ್ಲ. 1999ರ ಬಿಸಿಗಾಳಿಗೆ ನಗರ ತಂಪುಕೇಂದ್ರಗಳನ್ನು ತೆರೆದು, ಒಂಟಿ ವೃದ್ಧರ ಮನೆಗೆ ಸಿಬ್ಬಂದಿಯನ್ನು ಕಳಿಸಿತು. ಸಾವುಗಳು ಬಹಳ ಕಡಿಮೆಯಾದವು. ಹವಾಮಾನದ ವ್ಯತ್ಯಾಸಕ್ಕೂ ಅದರಲ್ಲಿ ಪಾಲಿರಬಹುದು. ಆದರೆ ಯಾರ ಬಾಗಿಲು ತಟ್ಟಬೇಕೆಂದು ಮೊದಲೇ ತಿಳಿದಿರುವುದು ಮುಖ್ಯ, ಮತ್ತು ಅದು ತಿಳಿಯುವುದು ದಿನನಿತ್ಯದ ಒಡನಾಟದಿಂದ.

ಗಂಭೀರವಾದ ಆಕ್ಷೇಪ ಒಂದಿದೆ: ಕೇಂದ್ರಗಳಿಗೆ ಬರುವವರು ಮೊದಲೇ ಗಟ್ಟಿಯಾಗಿರುವವರು, ಆದ್ದರಿಂದ ಅವರ ಆರೋಗ್ಯದ ಯಶಸ್ಸನ್ನು ಕಾರ್ಯಕ್ರಮದ ಖಾತೆಗೆ ಹಾಕಬಾರದು. ಹಿರಿಯರ ಅಧ್ಯಯನಗಳಲ್ಲಿ ಈ ದೋಷ ನಿಜಕ್ಕೂ ಇದೆ. ಯುವಜನರ ವಿಷಯದಲ್ಲಿ ಇದಕ್ಕೆ ಉತ್ತರ ಸಿಕ್ಕಿದೆ, ಏಕೆಂದರೆ ಬೇಸಿಗೆಯ ಕೆಲಸಗಳನ್ನು ಚೀಟಿ ಎತ್ತಿ ಹಂಚಿದ್ದರು. ಶಿಕಾಗೋದಲ್ಲಿ 2012ರಲ್ಲಿ ಹಿಂಸೆ ಹೆಚ್ಚಿದ್ದ ಬಡಾವಣೆಗಳ 1,634 ಹುಡುಗ ಹುಡುಗಿಯರ ಮೇಲೆ ನಡೆದ, ಸಾರಾ ಹೆಲ್ಲರ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವಂತೆ, ಎಂಟು ವಾರಗಳ ಕೆಲಸ ಸಿಕ್ಕ ಗುಂಪಿನಲ್ಲಿ ಹಿಂಸಾಪರಾಧಕ್ಕಾಗಿ ಬಂಧನ ಹದಿನಾರು ತಿಂಗಳಲ್ಲಿ ಶೇ. 43ರಷ್ಟು ಇಳಿಯಿತು. ಇಳಿಕೆಯ ಹೆಚ್ಚಿನ ಪಾಲು ಕೆಲಸ ಮುಗಿದ ಮೇಲೆ ಕಂಡದ್ದು. ಬೀದಿಯಿಂದ ದೂರವಿಟ್ಟದ್ದಷ್ಟೇ ಕಾರಣವಲ್ಲ. ನ್ಯೂಯಾರ್ಕಿನ ಬೇಸಿಗೆ ಕೆಲಸಗಳ ಲಾಟರಿಯ ಅಂಕಿಗಳು ಜೈಲುವಾಸವೂ ಸಾವೂ ಕಡಿಮೆಯಾದದ್ದನ್ನು ತೋರಿಸಿದವು, ಮುಂದಿನ ಸಂಪಾದನೆ ಏರಿದ್ದನ್ನಲ್ಲ. ಉದ್ಯೋಗ ತರಬೇತಿ ಎಂದು ಅಳೆದರೆ ಯೋಜನೆ ಸೋತಿತು. ಹರೆಯದವರಿಗೆ ಜವಾಬ್ದಾರಿಯುಳ್ಳ ಹಿರಿಯರ ಸಂಗ ಒದಗಿಸುವ ಕಾರ್ಯಕ್ರಮವೆಂದು ನೋಡಿದರೆ ಅದು ಮಕ್ಕಳನ್ನು ಬದುಕಿಸಿತು. ತಪ್ಪು ಅಳತೆಗೋಲಿಗೆ ಬಲಿಯಾದ ಒಳ್ಳೆಯ ಯೋಜನೆಗಳು ಇನ್ನೆಷ್ಟಿವೆಯೋ.

ಇದೆಲ್ಲ ಕುಟುಂಬದ, ಗುಡಿ ಚರ್ಚುಗಳ ಕೆಲಸ, ನಗರಕ್ಕೇಕೆ ಎಂಬುದು ಇನ್ನೊಂದು ಮಾತು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಇದಕ್ಕೆ ಕೊಟ್ಟ ಉತ್ತರ ನನಗೆ ಸರಿಯೆನಿಸುತ್ತದೆ. ಸುಮಾರು 2.3 ಲಕ್ಷ ಜನರ ಆ ಊರಿನಲ್ಲಿ ಭಾರತೀಯರು, ಚೀನೀಯರು, ಆಫ್ಘನ್ನರು ಬಹಳ. ಕನ್ನಡದ ಕುಟುಂಬಗಳೂ ಇವೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದು ನೆಲೆಸಿದ ತಂದೆತಾಯಿಯರು ಕಾರು ಓಡಿಸಲಾರರು. ಮನೆ ತುಂಬ ಪ್ರೀತಿಯಿದ್ದರೂ ಬೆಳಗ್ಗೆಯಿಂದ ಸಂಜೆವರೆಗೆ ಮಾತಿಗೆ ಜನವಿಲ್ಲ. 1996ರ ಕಾನೂನಿನಿಂದ ಹೊಸ ವಲಸಿಗರಿಗೆ ಒಕ್ಕೂಟದ ಹಲವು ನೆರವು ಮೊದಲ ಐದು ವರ್ಷ ಇಲ್ಲ. ಫ್ರೀಮಾಂಟಿನ ಮಾನವ ಸೇವಾ ಇಲಾಖೆ ಸಮುದಾಯ ರಾಯಭಾರಿ ಎಂಬ ಯೋಜನೆಯಲ್ಲಿ ಧಾರ್ಮಿಕ, ಭಾಷಿಕ ಸಂಘಗಳ ಸ್ವಯಂಸೇವಕರಿಗೇ ತರಬೇತಿ ಕೊಟ್ಟು, ಹಿರಿಯರಿಗೆ ಅವರ ನುಡಿಯಲ್ಲೇ ಸೇವೆಗಳ ದಾರಿ ತೋರಿಸುವಂತೆ ಮಾಡಿತು. ಗುಡಿ, ಗುರುದ್ವಾರ, ಮಸೀದಿಗಳಲ್ಲಿ ಜನರ ನಂಬಿಕೆ ಇದೆ, ನಗರದ ಬಳಿ ತಿಳಿವಳಿಕೆ ಮತ್ತು ಹಣ ಇದೆ. ಒಂದು ಇನ್ನೊಂದರ ಜಾಗ ತುಂಬಲಾರದು. ಅದೇ ಊರಿನ ಕುಟುಂಬ ಸಂಪನ್ಮೂಲ ಕೇಂದ್ರದಲ್ಲಿ ಹಲವು ಸಂಸ್ಥೆಗಳು ಒಂದೇ ಸೂರಿನಡಿ ಕೂತು, ಮೂರು ಕಡತಗಳನ್ನು ಮತ್ತೆ ಒಂದು ಮನೆಯಾಗಿ ನೋಡಲು ಯತ್ನಿಸುತ್ತವೆ.

ಮಂಡ್ಯದ ಹಲ್ಲೆಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿ 2023ರಲ್ಲಿ ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಸಲಹಾಪತ್ರ ಹೊರಡಿಸಿದಾಗ, 1943ರ ಬ್ರಾಂಕ್ಸ್ ಕಚೇರಿಯ ಅನುಭವಕ್ಕೆ ಮತ್ತೊಮ್ಮೆ ರಾಷ್ಟ್ರದ ಮುದ್ರೆ ಬಿತ್ತು. ಹಣದ ನಿಯಮಗಳು ಇನ್ನೂ ವಯಸ್ಸಿನ ಪ್ರಕಾರವೇ ಇವೆ. ಬೆಳಗ್ಗೆ ಹಿರಿಯರಿಗೆ ತೆರೆದ ಕಟ್ಟಡವನ್ನು ಸಂಜೆ ಶಾಲೆ ಬಿಟ್ಟ ಮಕ್ಕಳಿಗೆ ಕೊಡಲು ಎರಡು ಅನುದಾನಗಳ ಲೆಕ್ಕ ಹೊಂದಿಸಬೇಕು. 1995ರ ಶಿಕಾಗೋ ಬಿಸಿಗಾಳಿಯಲ್ಲಿ ಒಂಟಿಯಾಗಿ ಸತ್ತವರಲ್ಲಿ ಗಂಡಸರು ಹೆಚ್ಚಿದ್ದರು. ಬಾಗಿಲಿಗೆ ತಾವಾಗಿ ಬಾರದ ಅಂಥವರನ್ನು ಹುಡುಕಿಕೊಂಡು ಹೋಗುವ ಕಾರ್ಯಕರ್ತರ ಸಂಬಳಕ್ಕೆ, ನಗರಗಳು ಮುಂದಿನ ಬಜೆಟ್ಟಿನಲ್ಲಿ ಕಟ್ಟಡಕ್ಕಿಂತ ಮೊದಲು ಹಣ ಎತ್ತಿಡಬೇಕು.