ಆಯುಧದ ಅರ್ಥ, ಆಯುಧದ ಬಿಡುವು

ಕನ್ನಡದ ನಿತ್ಯ ಬಳಕೆಯಲ್ಲಿ ‘ಆಯುಧ’ ಎಂದ ಕೂಡಲೇ ಕತ್ತಿ, ಭರ್ಜಿ, ಬಂದೂಕುಗಳೇ ಕಣ್ಣಮುಂದೆ ಬರುತ್ತವೆ. ಹೋರಾಡು ಎಂಬರ್ಥದ ‘ಯುಧ್’ ಎಂಬ ಸಂಸ್ಕೃತ ಧಾತುವಿಗೆ ‘ಆ’ ಎಂಬ ಉಪಸರ್ಗ ಸೇರಿ ರೂಪುಗೊಂಡ ಈ ಪದ ಪತ್ರಿಕೆಗಳ ಅಪರಾಧ ವರದಿಗಳಲ್ಲಿ ‘ಮಾರಕಾಯುಧ’ವಾಗಿಯೂ, ಕೈಯಲ್ಲಿ ಏನೂ ಇಲ್ಲದವನ ವಿಷಯದಲ್ಲಿ ‘ನಿರಾಯುಧ’ವಾಗಿಯೂ ಕಾಣಿಸಿಕೊಳ್ಳುತ್ತದೆ. ಆದರೆ ಆಶ್ವಯುಜ ಮಾಸದ ಶುದ್ಧ ನವಮಿಯಂದು, ಅಂದರೆ ನವರಾತ್ರಿಯ ಒಂಬತ್ತನೆಯ ದಿನವಾದ ಮಹಾನವಮಿಯಂದು, ಇದೇ ಪದ ‘ಪೂಜೆ’ ಎಂಬ ಇನ್ನೊಂದು ಪದದೊಡನೆ ಸೇರಿದ್ದೇ ತಡ, ಅದರ ಒಳಗೆ ಲೇತು ಯಂತ್ರ, ಬಸ್ಸು, ಹೊಲಿಗೆ ಯಂತ್ರ, ಕ್ಷೌರದ ಕತ್ತರಿ, ಲ್ಯಾಪ್‌ಟಾಪ್‌ಗಳೆಲ್ಲಕ್ಕೂ ಜಾಗ ದೊರೆಯುತ್ತದೆ. ವರ್ಷದ ಉಳಿದ ದಿನಗಳಲ್ಲಿ ಯಾವ ಬಡಗಿಯೂ ತನ್ನ ಉಳಿಯನ್ನು ಆಯುಧವೆನ್ನುವುದಿಲ್ಲ, ಯಾವ ಚಾಲಕನೂ ತನ್ನ ಬಸ್ಸನ್ನು ಹಾಗೆ ಕರೆಯುವುದಿಲ್ಲ. ಒಂದೇ ಒಂದು ಸಮಾಸದಲ್ಲಿ, ಅದೂ ವರ್ಷಕ್ಕೊಮ್ಮೆ, ಯುದ್ಧದ ಪದವೊಂದು ದುಡಿಮೆಯ ಪದವಾಗಿ ಮಾರ್ಪಡುವ ಈ ಬಗೆಯನ್ನು ಗಮನಿಸಿದರೆ, ಇಂದಿನ ಉದ್ಯೋಗ ಜೀವನ ಹಳೆಯ ಹಬ್ಬವೊಂದರಿಂದ ಏನನ್ನು ಉಳಿಸಿಕೊಂಡಿದೆ, ಏನನ್ನು ಕೈಬಿಟ್ಟಿದೆ ಎಂಬುದು ಗೋಚರವಾಗುತ್ತದೆ.

ಈ ಅರ್ಥವಿಸ್ತಾರ ಕಾರ್ಖಾನೆಗಳು ಬಂದ ಮೇಲೆ ಜನರು ಮಾಡಿಕೊಂಡ ಹೊಂದಾಣಿಕೆಯೆಂದು ಭಾವಿಸುವುದು ಸಹಜವಾದರೂ, ಸಂಸ್ಕೃತದ ಹಳೆಯ ಸಮಾಸಗಳು ಬೇರೆಯದನ್ನೇ ಹೇಳುತ್ತವೆ. ಬಲರಾಮನಿಗೆ ‘ಹಲಾಯುಧ’ ಎಂಬ ಹೆಸರಿದೆ; ‘ಹಲ’ವೆಂದರೆ ನೇಗಿಲು, ಅಂದರೆ ಉಳುವ ಸಾಧನವನ್ನೇ ಆಯುಧವಾಗಿ ಉಳ್ಳವನು ಎಂದರ್ಥ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದು ‘ಅಭಿಧಾನರತ್ನಮಾಲಾ’ ಎಂಬ ನಿಘಂಟನ್ನು ರಚಿಸಿದ ಹತ್ತನೆಯ ಶತಮಾನದ ವಿದ್ವಾಂಸನ ಹೆಸರೂ ಹಲಾಯುಧನೆಂದೇ ಇದ್ದು, ಪದಗಳಿಗೆ ಅರ್ಥ ಹೇಳುವುದನ್ನೇ ಕಾಯಕ ಮಾಡಿಕೊಂಡವನೊಬ್ಬನು ನೇಗಿಲಿನ ಹೆಸರು ಹೊತ್ತಿದ್ದನು. ಮನ್ಮಥನು ಹೂವನ್ನು ಆಯುಧವಾಗಿ ಹಿಡಿದ ‘ಕುಸುಮಾಯುಧ’, ಕಾಲನ್ನೇ ಆಯುಧ ಮಾಡಿಕೊಂಡ ಹುಂಜ ‘ಚರಣಾಯುಧ’. ವಿಷ್ಣುವಿನ ಪಂಚಾಯುಧಗಳ ಸಾಲಿನಲ್ಲಿ ಚಕ್ರ, ಗದೆ, ಖಡ್ಗ, ಶಾರ್ಙ್ಗವೆಂಬ ಬಿಲ್ಲುಗಳ ಜೊತೆಗೆ, ಯಾರನ್ನೂ ಗಾಯಗೊಳಿಸದೆ ಕೇವಲ ನಾದ ಹೊಮ್ಮಿಸುವ ಶಂಖವೂ ಇದೆ. ಪಾಣಿನಿಯ ‘ಅಷ್ಟಾಧ್ಯಾಯಿ’ಯಲ್ಲಿ ಬರುವ ‘ಆಯುಧಜೀವಿ’ ಎಂಬ ಮಾತಂತೂ ಈ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು. ಆಯುಧ ಹಿಡಿಯುವುದನ್ನೇ ಜೀವನೋಪಾಯ ಮಾಡಿಕೊಂಡ ಯೋಧರ ಸಂಘಗಳನ್ನು ಅದು ಸೂಚಿಸುತ್ತದೆ. ಆಯುಧಕ್ಕೂ ಹೊಟ್ಟೆಪಾಡಿಗೂ ಇರುವ ನಂಟು ವ್ಯಾಕರಣ ಗ್ರಂಥದಷ್ಟೇ ಹಳೆಯದು ಎಂಬುದಕ್ಕೆ ಈ ಒಂದು ಸಮಾಸವೇ ಸಾಕ್ಷಿ.

ಕೈಯಲ್ಲಿ ಹಿಡಿದು ಬಳಸುವುದು ಶಸ್ತ್ರ, ಕೈಯಿಂದ ಎಸೆಯುವುದು ಇಲ್ಲವೇ ಹೂಡಿ ಬಿಡುವುದು ಅಸ್ತ್ರ ಎಂಬ ಶಾಸ್ತ್ರೀಯ ವಿಂಗಡಣೆಯಿದ್ದು, ಆಯುಧವೆಂಬುದು ಇವೆರಡನ್ನೂ ಒಳಗೊಳ್ಳುವ ಸಾಮಾನ್ಯ ಪದವಾಗಿದೆ. ಹಬ್ಬಕ್ಕೆ ‘ಶಸ್ತ್ರಪೂಜೆ’ ಎಂಬ ಹೆಸರೂ ಬಳಕೆಯಲ್ಲಿದ್ದರೂ ಕನ್ನಡ ಸಮಾಜದ ಕುಶಲಕರ್ಮಿಗಳ ನಾಲಗೆಯಲ್ಲಿ ನೆಲೆನಿಂತದ್ದು ‘ಆಯುಧಪೂಜೆ’ಯೇ; ಪದದ ವ್ಯಾಪ್ತಿ ಹಿರಿದಾಗಿದ್ದುದರಿಂದಲೇ ಅದು ಅರಮನೆಯಿಂದ ಕಮ್ಮಾರಸಾಲೆಗೆ ಸುಲಭವಾಗಿ ಇಳಿದು ಬಂದಿರಬೇಕು. ದುಡಿಯುವವರು ತಮ್ಮ ಸಾಧನಗಳಿಗೆ ಬಳಸುವ ‘ಹತ್ಯಾರು’ ಅಥವಾ ‘ಹತಾರ’ ಎಂಬ ಪದದಲ್ಲಿಯೂ ಇಂಥದೇ ಇಬ್ಬಗೆಯಿದೆ. ಹಿಂದಿಯಲ್ಲಿ ‘ಹಥಿಯಾರ್’ ಎಂದರೆ ಮುಖ್ಯವಾಗಿ ಯುದ್ಧದ ಆಯುಧವಾದರೆ, ಕನ್ನಡದ ಬಡಗಿಗೆ ಹತ್ಯಾರು ಎಂದರೆ ಉಳಿ, ಬಾಚಿ, ಗರಗಸ. ಉತ್ತರ ಕರ್ನಾಟಕದಲ್ಲಿ ಬಳಕೆಯಲ್ಲಿರುವ ‘ಖಂಡೇ ಪೂಜೆ’ ಎಂಬ ಹೆಸರು ಖಡ್ಗವನ್ನೇ ನೆನಪಿಸಿದರೂ, ಅಲ್ಲಿಯ ಒಕ್ಕಲು ಮನೆಗಳಲ್ಲಿ ಆ ದಿನ ಪೂಜೆಗೊಳ್ಳುವುದು ಕುಡುಗೋಲು, ಕುಂಟೆ, ಕೂರಿಗೆ ಮತ್ತು ಇತ್ತೀಚಿನ ದಶಕಗಳಲ್ಲಿ ಟ್ರ್ಯಾಕ್ಟರು.

ಹಬ್ಬದ ರಾಜಪ್ರಭುತ್ವದ ಮುಖ ಕರ್ನಾಟಕದಲ್ಲಿ ಚೆನ್ನಾಗಿ ದಾಖಲಾಗಿದೆ. 1520ರ ಆಸುಪಾಸಿನಲ್ಲಿ, ಕೃಷ್ಣದೇವರಾಯನ ಆಳ್ವಿಕೆಯಲ್ಲಿ, ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ನು ಒಂಬತ್ತು ದಿನಗಳ ಉತ್ಸವವನ್ನೂ, ಅಲಂಕೃತ ಆನೆ ಕುದುರೆಗಳನ್ನೂ, ದೊರೆಯು ನಡೆಸುತ್ತಿದ್ದ ಸೇನಾ ಪರಿವೀಕ್ಷಣೆಯನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಹಂಪಿಯ ಮಹಾನವಮಿ ದಿಬ್ಬ ಇಂದಿಗೂ ಆ ಹೆಸರಿನಿಂದಲೇ ಪರಿಚಿತವಾಗಿದೆ. ಆ ಸಂಪ್ರದಾಯವನ್ನು ಮುಂದುವರಿಸಿದ ಮೈಸೂರಿನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದರು. ಮೈಸೂರು ಅರಮನೆಯಲ್ಲಿ ಈಗಲೂ ನವಮಿಯ ಬೆಳಿಗ್ಗೆ ಪಟ್ಟದ ಕತ್ತಿಯನ್ನೂ ಇತರ ಆಯುಧಗಳನ್ನೂ ಆವರಣದ ಕೋಡಿ ಸೋಮೇಶ್ವರ ದೇವಾಲಯಕ್ಕೆ ಒಯ್ದು ಶುದ್ಧಗೊಳಿಸಿ ತಂದು ಪೂಜಿಸುತ್ತಾರೆ, ಪಟ್ಟದ ಆನೆ ಮತ್ತು ಕುದುರೆಗಳ ಜೊತೆಗೆ ರಾಜಮನೆತನದ ಕಾರುಗಳಿಗೂ ಆರತಿಯಾಗುತ್ತದೆ. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯ ಮೂಲಕ ಮಾಜಿ ಅರಸರ ರಾಜಧನ ಮತ್ತು ವಿಶೇಷ ಮಾನ್ಯತೆಗಳು ರದ್ದಾದ ಬಳಿಕ ಪಟ್ಟದ ಕತ್ತಿಗೆ ಅಧಿಕೃತ ಮಾನ್ಯತೆಯ ಹಂಗೂ ಉಳಿಯಲಿಲ್ಲ. ಅರಮನೆಯಲ್ಲಿ ಆಯುಧವು ಸ್ಮಾರಕವಾದ ಆ ಹೊತ್ತಿಗೆ ಕಾರ್ಖಾನೆಯಲ್ಲಿ ಅದು ಜೀವಂತ ಆಚರಣೆಯಾಗಿ ಬೇರೂರಿತ್ತು.

ಬೆಂಗಳೂರಿನಲ್ಲಿ 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಸ್ಥಾಪನೆಯಾದಂತೆ ಹಳ್ಳಿ ಪೇಟೆಗಳಿಂದ ಬಂದ ಸಾವಿರಾರು ಜನ ಮೊದಲ ಬಾರಿಗೆ ಪಾಳಿಯ ಲೆಕ್ಕದಲ್ಲಿ ದುಡಿಯತೊಡಗಿದರು. ಪಾಳಿಯೆಂದರೆ ಸೂರ್ಯೋದಯ ಸೂರ್ಯಾಸ್ತಗಳ ಗೊಡವೆಯಿಲ್ಲದೆ ಗಡಿಯಾರವೇ ನಿಗದಿ ಮಾಡುವ ಕೆಲಸದ ಅವಧಿ. ಇಂಥ ಕಾರ್ಖಾನೆಗಳಲ್ಲಿ ಆಯುಧಪೂಜೆಯಂದು ಯಂತ್ರಗಳನ್ನು ಒರೆಸಿ, ವಿಭೂತಿ ಕುಂಕುಮವಿಟ್ಟು, ಬಾಳೆಕಂದು ಮಾವಿನ ತೋರಣ ಕಟ್ಟಿ, ಕಡಲೆಪುರಿ ಮತ್ತು ಸಿಹಿ ಹಂಚುವ ರೂಢಿ ಬೆಳೆಯಿತು. ಬೇರೆ ದಿನಗಳಲ್ಲಿ ಗೇಟಿನೊಳಗೆ ಪ್ರವೇಶವಿಲ್ಲದ ಹೆಂಡತಿ ಮಕ್ಕಳಿಗೆ, ಅಪ್ಪನು ದಿನವಿಡೀ ನಿಂತು ಕೆಲಸ ಮಾಡುವ ಯಂತ್ರ ಯಾವುದೆಂದು ತೋರಿಸುವ ಅವಕಾಶವೂ ಅನೇಕ ಕಡೆ ಅಂದೇ ಸಿಗುತ್ತಿತ್ತು. ಸಾರಿಗೆ ಸಂಸ್ಥೆಯ ಘಟಕಗಳಲ್ಲಿ ಬಸ್ಸುಗಳನ್ನು ತೊಳೆದು ಸಿಂಗರಿಸುವುದು ಆಡಳಿತವೇ ಲೆಕ್ಕಪತ್ರದಲ್ಲಿ ಒಪ್ಪಿಕೊಂಡ ಖರ್ಚಾಗಿದ್ದು, ಪ್ರತಿ ಬಸ್ಸಿಗೆ 100 ರೂಪಾಯಿಯಷ್ಟಿದ್ದ ಈ ಮೊತ್ತವನ್ನು ಕೆಎಸ್‌ಆರ್‌ಟಿಸಿ ಇತ್ತೀಚಿನ ವರ್ಷಗಳಲ್ಲಿ 250 ರೂಪಾಯಿಗೆ ಏರಿಸಿದೆ. ಬಂಗಾಳ, ಒಡಿಶಾ, ಬಿಹಾರಗಳ ಕಾರ್ಖಾನೆಗಳಲ್ಲಿ ಸೆಪ್ಟೆಂಬರ್ 17ರ ಸುಮಾರಿಗೆ ನಡೆಯುವ ವಿಶ್ವಕರ್ಮ ಪೂಜೆಯೂ ಸಾಧನಗಳಿಗೇ ಸಲ್ಲುವುದಾದರೂ ಅಲ್ಲಿ ಕೇಂದ್ರದಲ್ಲಿರುವವನು ಶಿಲ್ಪಿದೇವತೆ. ಕನ್ನಡದ ಹಬ್ಬವು ತನ್ನ ಹೆಸರಿನಲ್ಲಿಯೇ ಸಾಧನವನ್ನು ಮುಂದಿಟ್ಟುಕೊಂಡಿದೆ.

ಗಣಕಯಂತ್ರಗಳು ಬಂದಾಗ ಪದಕ್ಕೆ ಯಾವ ಮುಜುಗರವೂ ಆಗಲಿಲ್ಲ. ನೇಗಿಲನ್ನೂ ಶಂಖವನ್ನೂ ಒಳಗೆ ಬಿಟ್ಟುಕೊಂಡಿದ್ದ ‘ಆಯುಧ’ಕ್ಕೆ ಸರ್ವರ್ ಹೊಸತೇನೂ ಅಲ್ಲ. ಮಾಹಿತಿ ತಂತ್ರಜ್ಞಾನದ ಕಚೇರಿಗಳಲ್ಲಿ ಕೀಲಿಮಣೆಯ ಮೇಲೆ ಚೆಂಡುಹೂ, ಪರದೆಯ ಅಂಚಿನಲ್ಲಿ ಗಂಧದ ಬೊಟ್ಟು, ಸರ್ಕಾರಿ ಕಚೇರಿಗಳಲ್ಲಿ ಕಡತದ ಬೀರುವಿಗೆ ಹಾರ, ಆಸ್ಪತ್ರೆಗಳಲ್ಲಿ ಆಂಬ್ಯುಲೆನ್ಸಿಗೆ ಬಾಳೆಕಂದು ಕಾಣುವುದು ಈಗ ಸಾಮಾನ್ಯ ಸಂಗತಿ. ಹೀಗಾಗಿ ಆಯುಧವೆಂದರೆ ಅನ್ನ ಸಂಪಾದಿಸಿಕೊಡುವ ಯಾವುದೇ ಸಾಧನ ಎಂಬ ಅರ್ಥವು ಹಬ್ಬದ ಮಟ್ಟಿಗೆ ಸಂಪೂರ್ಣವಾಗಿ ಸ್ಥಿರಗೊಂಡಿದೆ, ಮತ್ತು ಆ ಅರ್ಥದಲ್ಲಿ ದುಡಿಯುವವರೆಲ್ಲರೂ ಆಯುಧಜೀವಿಗಳೇ ಆಗಿದ್ದಾರೆ.

ಇಷ್ಟಾದರೂ, ನಾಮಪದವೊಂದರ ಆಯುಷ್ಯವನ್ನು ಅಳೆಯುವಾಗ ಅದರ ಜೊತೆಗೆ ನಡೆದು ಬಂದ ಕ್ರಿಯಾಪದಗಳನ್ನೂ ನೋಡಬೇಕಾಗುತ್ತದೆ. ಆಯುಧವನ್ನು ‘ಇಳಿಸುವುದು’, ಪೂಜೆಗೆ ‘ಇಡುವುದು’, ಮತ್ತೆ ‘ಎತ್ತಿಕೊಳ್ಳುವುದು’ ಎಂಬ ಮೂರು ಕ್ರಿಯೆಗಳು ಈ ಹಬ್ಬದ ಬೆನ್ನೆಲುಬು. ಪೂಜೆಗೆ ಇಟ್ಟ ಆಯುಧವನ್ನು ಅಂದು ಮುಟ್ಟಬಾರದು, ದಶಮಿಯ ಪೂಜೆಯಾದ ನಂತರವೇ ಕೆಲಸಕ್ಕೆ ಹಚ್ಚಬೇಕು ಎಂಬುದು ರೂಢಿಯ ನಿಯಮ. ಮೂಲಾ ನಕ್ಷತ್ರದಂದು ಪುಸ್ತಕಗಳಲ್ಲಿ ಸರಸ್ವತಿಯನ್ನು ಆವಾಹಿಸಿ ಶ್ರವಣ ನಕ್ಷತ್ರದಂದು ವಿಸರ್ಜಿಸುವ ಮನೆಗಳಲ್ಲಿ ಆ ನಡುವಿನ ದಿನಗಳಲ್ಲಿ ಮಕ್ಕಳಿಗೆ ಓದಿನಿಂದ ವಿನಾಯಿತಿ ಸಿಗುವುದೂ ಇದೇ ನಿಯಮದ ಫಲ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಬನ್ನಿ ಮರದ ಮೇಲೆ ಬಚ್ಚಿಟ್ಟು ವರ್ಷ ತುಂಬಿದ ಮೇಲೆ ಇಳಿಸಿಕೊಂಡರೆಂಬ ವಿರಾಟಪರ್ವದ ಕಥೆಯನ್ನು ವಿಜಯದಶಮಿಯ ಬನ್ನಿಪೂಜೆಯೊಡನೆ ಜೋಡಿಸುವಾಗಲೂ, ಅದರ ತಿರುಳು ಆಯುಧವಿಲ್ಲದೆ ಕಳೆದ ಕಾಲವೇ ಆಗಿದೆ. ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರ ನಡೆಯುವ ಕೈಲ್ ಪೊಳ್ದ್, ಅಂದರೆ ಆಯುಧಗಳ ಹಬ್ಬ, ಇದೇ ತರ್ಕವನ್ನು ಇನ್ನಷ್ಟು ಸ್ಪಷ್ಟವಾಗಿ ಪಾಲಿಸುತ್ತದೆ: ಗದ್ದೆಯ ನಾಟಿ ಕೆಲಸದ ತಿಂಗಳುಗಳಲ್ಲಿ ದೇವರ ಕೋಣೆಯಲ್ಲಿ ಬಿಡುವಾಗಿದ್ದ ಕೋವಿ ಕತ್ತಿಗಳು ನಾಟಿ ಮುಗಿದ ಮೇಲೆ ಪೂಜೆಗೊಂಡು ಹೊರಬರುತ್ತವೆ. ನೇಗಿಲು ದುಡಿಯುವಾಗ ಕೋವಿ ವಿಶ್ರಮಿಸಬೇಕೆಂಬ ಸರದಿಯನ್ನು ಈ ಹಬ್ಬ ಒಪ್ಪಿಕೊಂಡಿದೆ.

ಇಂದಿನ ಉದ್ಯೋಗ ಜೀವನದಲ್ಲಿ ಸಡಿಲಗೊಂಡಿರುವುದು ಈ ‘ಇಳಿಸುವ’ ಕ್ರಿಯೆಯೇ. ಅದಕ್ಕೆ ಮೊದಲ ಕಾರಣ ಎರಡು ಬಗೆಯ ಕಾಲಗಣನೆಗಳ ನಡುವಿನ ಹೊಂದಾಣಿಕೆ. ತಿಥಿಯೆಂದರೆ ಚಂದ್ರನು ಸೂರ್ಯನಿಗಿಂತ 12 ಡಿಗ್ರಿ ಮುಂದೆ ಸಾಗಲು ಹಿಡಿಯುವ ಕಾಲ. ಚಂದ್ರನ ವೇಗ ಏಕರೂಪವಾಗಿಲ್ಲದ ಕಾರಣ ಅದು ಸುಮಾರು 19ರಿಂದ 26 ಗಂಟೆಗಳವರೆಗೆ ವ್ಯತ್ಯಾಸವಾಗುತ್ತದೆ, ಆದ್ದರಿಂದ ಕಚೇರಿಯ ದಿನದೊಡನೆ ತಾಳೆಯಾಗುವುದಿಲ್ಲ. ಕರ್ನಾಟಕದಲ್ಲಿ ಮಹಾನವಮಿ ಸರ್ಕಾರಿ ರಜಾದಿನವಾದ್ದರಿಂದ, ಕಚೇರಿಯ ಪೂಜೆ ಹಿಂದಿನ ಕೆಲಸದ ದಿನವೇ, ಹಲವೆಡೆ ಶುಕ್ರವಾರ ಮಧ್ಯಾಹ್ನವೇ, ಮುಗಿದುಹೋಗುತ್ತದೆ. ಪಂಚಾಂಗದ ಪ್ರಕಾರ ಇನ್ನೂ ಅಷ್ಟಮಿಯೋ ಸಪ್ತಮಿಯೋ ಇರುವಾಗ ಗಣಕಯಂತ್ರಕ್ಕೆ ಆರತಿಯಾಗಿ, ನವಮಿಯಂದು ಅದೇ ಯಂತ್ರ ಮನೆಯ ಮೇಜಿನ ಮೇಲೆ ಕೆಲಸಕ್ಕೆ ತೆರೆದುಕೊಂಡಿರುತ್ತದೆ. 2025ರಲ್ಲಿ ಅಕ್ಟೋಬರ್ 1ರಂದು ಆಯುಧಪೂಜೆ ಬಂದು, ಮರುದಿನ ವಿಜಯದಶಮಿ ಮತ್ತು ಗಾಂಧಿ ಜಯಂತಿ ಒಟ್ಟಿಗೆ ಬಂದಾಗ, ನೌಕರವರ್ಗದಲ್ಲಿ ಚರ್ಚೆಗೆ ಬಂದದ್ದು ಎರಡು ರಜೆಗಳು ಒಂದಾಗಿ ಹೋದ ನಷ್ಟ. ಆಯುಧ ಎತ್ತಿಕೊಳ್ಳುವ ದಿನವೂ ಅಹಿಂಸೆಯ ಪ್ರತಿಪಾದಕನ ಜನ್ಮದಿನವೂ ಕೂಡಿದ ವಿಚಿತ್ರ ಸಂಯೋಗ ಅಷ್ಟಾಗಿ ಗಮನ ಸೆಳೆಯಲಿಲ್ಲ. ವಿದೇಶಗಳಲ್ಲಿರುವ ಕನ್ನಡ ಕುಟುಂಬಗಳಿಗೆ ಈ ರಜೆಯೂ ಇಲ್ಲವಾದ್ದರಿಂದ, ಅವರ ಆಯುಧಪೂಜೆ ಹತ್ತಿರದ ಶನಿವಾರಕ್ಕೋ ಭಾನುವಾರಕ್ಕೋ ಸರಿಯುತ್ತದೆ.

ಎರಡನೆಯ ಕಾರಣ ಆಯುಧದ ಸ್ವರೂಪದಲ್ಲಿಯೇ ಆಗಿರುವ ಬದಲಾವಣೆ. ಉಳಿಯನ್ನು ಮಣೆಯ ಮೇಲೆ ಇಟ್ಟರೆ ಅದು ಸುಮ್ಮನಿರುತ್ತದೆ. ಮೊಬೈಲ್ ಫೋನು ಪೂಜೆಯ ತಟ್ಟೆಯಲ್ಲಿಯೂ ಸದ್ದು ಮಾಡುತ್ತದೆ. ಬೇರೆ ದೇಶದ ಗ್ರಾಹಕರ ಹಗಲಿಗೆ ತಕ್ಕಂತೆ ರಾತ್ರಿ ದುಡಿಯುವ ತಂತ್ರಜ್ಞರಿಗೆ ಇಲ್ಲಿಯ ನವಮಿ ಅಲ್ಲಿಯ ಮಾಮೂಲು ವಾರದ ದಿನ. ಕಾರ್ಖಾನೆಯ ಕಾಯಂ ಕಾರ್ಮಿಕರಿಗೆ 1963ರ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯು ವೇತನಸಹಿತ ಹಬ್ಬದ ರಜೆಯನ್ನು ಹಕ್ಕಾಗಿ ನೀಡಿದೆ. ಆ್ಯಪ್ ಮೂಲಕ ಊಟ, ದಿನಸಿ ತಲುಪಿಸುವ ಗಿಗ್ ಕಾರ್ಮಿಕನ, ಅಂದರೆ ಪ್ರತಿ ಸರಬರಾಜಿಗೆ ಇಷ್ಟು ಎಂಬ ಲೆಕ್ಕದಲ್ಲಿ ಹಣ ಪಡೆಯುವವನ, ಆಯುಧಗಳಾದ ಬೈಕು ಮತ್ತು ಫೋನುಗಳಿಗೆ ಇಂಥ ರಜೆಯಿಲ್ಲ. ಇತರರು ಮನೆಯಲ್ಲಿ ಹಬ್ಬ ಮಾಡುವ ದಿನವೇ ಅವನಿಗೆ ಬೇಡಿಕೆ ಹೆಚ್ಚು, ಮತ್ತು ಆಯುಧ ಕೆಳಗಿಟ್ಟರೆ ಅಂದಿನ ಸಂಪಾದನೆಯೂ ನಿಲ್ಲುತ್ತದೆ. ಬಾಡಿಗೆ ವಾಹನದ ಚಾಲಕನೂ ಬೆಳಿಗ್ಗೆ ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸಿ, ಅದೇ ಓಟವನ್ನು ಬಾಡಿಗೆಯ ಮೊದಲ ಓಟವಾಗಿಸಿಕೊಳ್ಳುತ್ತಾನೆ.

ಇಳಿಸುವ ಕ್ರಿಯೆ ಕ್ಷೀಣಿಸಿದಂತೆ ಪೂಜೆಯ ಹೊರ ಅಲಂಕಾರ ಬೆಳೆದಿರುವುದೂ ಗಮನಾರ್ಹ. ಪ್ರಾಣಿಬಲಿಗೆ ಬದಲಾಗಿ ಬಳಕೆಗೆ ಬಂದ ಕೂಷ್ಮಾಂಡಬಲಿ, ಅಂದರೆ ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ಒಡೆಯುವ ವಿಧಿ, ಅಂಗಳ ಬಿಟ್ಟು ನಡುರಸ್ತೆಗೆ ಬಂದುದರಿಂದ ಅದರ ಹೋಳುಗಳ ಮೇಲೆ ದ್ವಿಚಕ್ರ ವಾಹನಗಳು ಜಾರಿ ಬೀಳುತ್ತವೆ. ವಾಹನದ ಕ್ಷೇಮಕ್ಕಾಗಿ ನಡೆದ ಪೂಜೆ ಇನ್ನೊಂದು ವಾಹನಕ್ಕೆ ಅಪಾಯವಾಗುವ ಈ ಅಸಂಗತಿಯ ಬಗ್ಗೆ ಪೊಲೀಸರು ಪ್ರತಿವರ್ಷ ಎಚ್ಚರಿಸುತ್ತಾರೆ. 2023ರಲ್ಲಿ ವಿಧಾನಸೌಧ ಮತ್ತು ವಿಕಾಸಸೌಧಗಳಲ್ಲಿ ನೆಲದ ಮೇಲೆ ಕಲೆ ಉಳಿಸುವ ರಾಸಾಯನಿಕ ಮಿಶ್ರಿತ ಕುಂಕುಮ, ಅರಿಸಿನಗಳನ್ನು ಬಳಸಬಾರದೆಂದು ಸರ್ಕಾರ ಸುತ್ತೋಲೆ ಹೊರಡಿಸಬೇಕಾಯಿತು. ಹಬ್ಬದ ಮರುದಿನ ಬೀದಿಯಲ್ಲಿ ರಾಶಿ ಬೀಳುವ ಬಾಳೆಕಂದು ಮತ್ತು ಹೂವಿನ ಕಸವನ್ನು ಎತ್ತುವ ಪೌರಕಾರ್ಮಿಕನ ಪೊರಕೆಯೂ ಆಯುಧವೇ, ಆದರೆ ಅದಕ್ಕೆ ಹೆಚ್ಚುವರಿ ದುಡಿಮೆಯೇ ಹಬ್ಬದ ಪಾಲು.

ಹಾಗೆಂದು ಆಚರಣೆ ಪೊಳ್ಳಾಗಿದೆ ಎಂದು ತೀರ್ಮಾನಿಸುವುದು ಸರಿಯಲ್ಲ. ಪೂಜೆಗಾಗಿ ಯಂತ್ರವನ್ನು ಪೂರ್ತಿ ನಿಲ್ಲಿಸಿ, ಧೂಳು ಕೊಡವಿ, ಎಣ್ಣೆ ಹಾಕಿ, ಸವೆದ ಭಾಗಗಳನ್ನು ಗುರುತಿಸುವ ಒಂದು ದಿನ ಇಂದಿಗೂ ಸಣ್ಣ ವರ್ಕ್‌ಶಾಪುಗಳಲ್ಲಿ ವಾರ್ಷಿಕ ತಪಾಸಣೆಯ ಕೆಲಸ ಮಾಡುತ್ತದೆ, ಮತ್ತು ಮಾಲೀಕನೂ ಹಮಾಲಿಯೂ ಒಂದೇ ಸಾಲಿನಲ್ಲಿ ನಿಂತು ಆರತಿ ತೆಗೆದುಕೊಳ್ಳುವ ಸಂದರ್ಭಗಳು ಕೆಲಸದ ಸ್ಥಳಗಳಲ್ಲಿ ಬೇರೆ ಹೆಚ್ಚಿಲ್ಲ. ಎಲ್ಲ ಸಾಧನಗಳನ್ನೂ ಒಂದೇ ದಿನ ನಿಲ್ಲಿಸುವುದು ಆಸ್ಪತ್ರೆ, ವಿದ್ಯುತ್, ಸಾರಿಗೆಗಳನ್ನು ನಂಬಿರುವ ಸಮಾಜಕ್ಕೆ ಸಾಧ್ಯವೂ ಇಲ್ಲ. ಆದರೆ ಸರದಿ ಸಾಧ್ಯ: ನವಮಿಯಂದು ದುಡಿಯಲೇಬೇಕಾದವರಿಗೆ ದಶಮಿಯಂದೋ ಮರುವಾರವೋ ವೇತನಸಹಿತ ಬಿಡುವು ಕೊಡುವುದು, ಪೂಜೆಗೊಂಡ ಗಣಕಯಂತ್ರಕ್ಕೆ ಅಂದು ರಾತ್ರಿ ಕರೆ ಕಳಿಸದಿರುವುದು ಯಾವ ಸಂಸ್ಥೆಗೂ ದುಬಾರಿಯಾದ ಸಂಗತಿಯಲ್ಲ. ಆಯುಧವೆಂಬ ಪದಕ್ಕೆ ದುಡಿಮೆಯ ಸಾಧನಗಳನ್ನೆಲ್ಲ ಸೇರಿಸಿಕೊಂಡ ಕನ್ನಡ ಸಮಾಜ, ಆ ಸಾಧನಗಳನ್ನು ಹಿಡಿದ ಎಲ್ಲ ಕೈಗಳಿಗೂ ಒಂದು ದಿನದ ಬಿಡುವನ್ನು ಖಾತ್ರಿಪಡಿಸಿದಾಗ ಮಾತ್ರ ಈ ಹಬ್ಬ ತನ್ನ ಹೆಸರಿಗೆ ಪೂರ್ತಿಯಾಗಿ ಸಲ್ಲುತ್ತದೆ.